ಇಂಗ್ಲಿಷಿನ ಭಯವೋ, ಲೆಕ್ಕದ ಭಯವೋ?

ಬಿ.ಕಾಂ. ಕೊನೆಯ ಸೆಮಿಸ್ಟರ್‌ನಲ್ಲಿದ್ದೀರಿ, ಇಂಗ್ಲಿಷ್ ಬರುವುದಿಲ್ಲವೆಂದು ಸಂದರ್ಶನಕ್ಕೇ ಹೋಗುತ್ತಿಲ್ಲ ಎಂದು ಬರೆದಿದ್ದೀರಿ. ಆದರೆ ಅಕೌಂಟ್ಸ್ ಕೆಲಸದ ಸಂದರ್ಶನಕ್ಕೆ ಬಂದ ಬಹಳಷ್ಟು ಮಕ್ಕಳು ತಡವರಿಸುವುದು ಇಂಗ್ಲಿಷಿನಲ್ಲಲ್ಲ, ವಿಷಯದಲ್ಲೇ. ಸವಕಳಿಯ ಜರ್ನಲ್ ಎಂಟ್ರಿ ಹೇಗೆ, ಪಾಸ್‌ಬುಕ್ಕಿಗೂ ನಗದು ಪುಸ್ತಕಕ್ಕೂ ತಾಳೆಯಾಗದಿದ್ದರೆ ಎಲ್ಲಿ ಹುಡುಕುತ್ತೀರಿ, ಜಿಎಸ್‌ಟಿಆರ್-1ಕ್ಕೂ 3ಬಿಗೂ ಏನು ವ್ಯತ್ಯಾಸ: ಇಂಥವನ್ನು ಕೇಳುತ್ತಾರೆ. ಮೊದಲನೆಯದರಲ್ಲಿ ಮಾರಾಟದ ಬಿಲ್ಲುಗಳ ವಿವರ, ಎರಡನೆಯದರಲ್ಲಿ ತಿಂಗಳ ಒಟ್ಟು ಲೆಕ್ಕ, ತೆರಿಗೆ ಪಾವತಿ ಎಂದು ನಾಲ್ಕು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿದರೆ ವ್ಯಾಕರಣ ಎಣಿಸುತ್ತ ಯಾರೂ ಕೂರುವುದಿಲ್ಲ. ಗೆಳತಿಯನ್ನು ಎದುರಿಗೆ ಕೂರಿಸಿಕೊಂಡು ಬಾಯಿಬಿಟ್ಟು ಹೇಳಿ ನೋಡಿ. ಮನಸ್ಸಿನಲ್ಲೇ ಓದಿಕೊಂಡರೆ ಸಾಲದು.

ರೆಸ್ಯೂಮೆ ಒಂದು ಪುಟ ಸಾಕು. ಎಲ್ಲಿಂದಲೋ ಇಳಿಸಿಕೊಂಡ 'ಆಬ್ಜೆಕ್ಟಿವ್' ಸಾಲು, ತಂದೆಯ ಹೆಸರು, ಹವ್ಯಾಸಗಳನ್ನು ತೆಗೆದುಹಾಕಿ. (ಹಾಡು ಕೇಳುವುದು ಹವ್ಯಾಸವೆಂದು ಬರೆಯದವರನ್ನು ನಾನಿನ್ನೂ ಕಂಡಿಲ್ಲ.) ಆದರೆ ಅಪ್ಪನ ಗೊಬ್ಬರದ ಅಂಗಡಿಯ ಲೆಕ್ಕವನ್ನು ಎರಡು ವರ್ಷ ಟ್ಯಾಲಿಯಲ್ಲಿ ಬರೆದದ್ದನ್ನು ಅದರಲ್ಲಿ ಏಕೆ ಸೇರಿಸಿಲ್ಲ? ಅದೇ ನಿಮ್ಮ ಅನುಭವ, ಮೊದಲಿಗೇ ಬರಲಿ.

ಕೆಲಸ ಕೊಡುವ ಮೊದಲೇ ಠೇವಣಿ ಕೇಳುವವರತ್ತ ತಲೆಹಾಕಬೇಡಿ. ಫಲಿತಾಂಶ ಬಂದ ಮೇಲೆ ಕೇಂದ್ರ ಸರ್ಕಾರದ ಎನ್‌ಎಟಿಎಸ್ ಪೋರ್ಟಲ್‌ನಲ್ಲೂ ನೋಂದಾಯಿಸಿಕೊಳ್ಳಿ. ಅದರ ಮೂಲಕ ಸಿಗುವ ಸ್ಟೈಪೆಂಡ್ ಸಹಿತ ಅಪ್ರೆಂಟಿಸ್‌ಶಿಪ್‌ಗೆ ಬಿ.ಕಾಂ. ಪದವೀಧರರೂ ಅರ್ಹರು.