ಶಾಲೆಯ ಶುಲ್ಕವೂ ಮನೆಯ ಲೆಕ್ಕವೂ

ಜೂನ್ ತಿಂಗಳಲ್ಲಿ ಮಳೆಯೊಡನೆ ಶಾಲೆಯ ಬಾಗಿಲು ತೆರೆಯುತ್ತದೆ. ಅದಕ್ಕೆ ಎರಡು ತಿಂಗಳು ಮುಂಚಿತವಾಗಿಯೇ ನಮ್ಮ ಕಾಸರಗೋಡಿನ ಅನೇಕ ಮನೆಗಳ ಜಗಲಿಯಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ಮಗುವನ್ನು ಹತ್ತಿರದ ಕನ್ನಡ ಶಾಲೆಗೆ ಸೇರಿಸುವುದೋ, ಶುಲ್ಕ ತೆತ್ತು ಪೇಟೆಯ ಖಾಸಗಿ ಆಂಗ್ಲ ಮಾಧ್ಯಮ ಶಾಲೆಗೆ ಕಳುಹಿಸುವುದೋ? ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಈ ಪ್ರಶ್ನೆ ಹಗುರವಾಗಿ ಕಾಣುತ್ತದೆ. ಕೊಳೆರೋಗ ಬಂದ ವರ್ಷ ತಾಯಿಯ ಬಳೆಗಳು ಅಡವಿನಂಗಡಿಯ ದಾರಿ ಹಿಡಿಯುತ್ತವೆ. ಪ್ರೀತಿಯಿಂದ ಮಾಡುವ ಈ ವೆಚ್ಚವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಪ್ರೀತಿಗೂ ಲೆಕ್ಕ ಬೇಕು. ಆ ಲೆಕ್ಕವನ್ನು ಮಾಡುವ ಬಗೆ ಹೇಗೆಂಬುದೇ ಈ ಪಾಠದ ವಿಷಯ.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳುತ್ತೇವೆ. ನಾವು ಕನ್ನಡ ಶಾಲೆಯವರು. ಮಕ್ಕಳು ಬಾರದಿದ್ದರೆ ನಮ್ಮ ತರಗತಿಗಳು ಬರಿದಾಗುತ್ತವೆ. ಆದುದರಿಂದ ನಮ್ಮ ಮಾತನ್ನು ಹಾಗೆಯೇ ನಂಬದೆ, ಕಾಗದ ಪೆನ್ಸಿಲು ಹಿಡಿದು ಪರೀಕ್ಷಿಸಿ ನೋಡಬೇಕೆಂದು ವಾಚಕರಲ್ಲಿ ವಿನಂತಿಸುತ್ತೇವೆ.

ಶುಲ್ಕವೆಂದರೆ ರಸೀದಿಯಲ್ಲಿ ಕಾಣುವ ಮೊತ್ತವಷ್ಟೇ ಅಲ್ಲ. ಉದಾಹರಣೆಗಾಗಿ ತಿಂಗಳಿಗೆ 25,000 ರೂಪಾಯಿ ವರಮಾನವಿರುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಹತ್ತಿರದ ಶಾಲೆಯಲ್ಲಿ ಆಗುವುದಕ್ಕಿಂತ ಹೆಚ್ಚಾಗಿ ಖಾಸಗಿ ಶಾಲೆಗಾಗಿ ಅವರು ವರ್ಷಕ್ಕೆ ಕೊಡಬೇಕಾದುದು ಹೀಗಿರಲಿ: ಶುಲ್ಕ 36,000, ಬಸ್ಸಿಗೆ 12,000, ಪುಸ್ತಕ, ಸಮವಸ್ತ್ರಗಳಿಗೆ 7,000, ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲದ ಕಾರಣ ಟ್ಯೂಶನ್ನಿಗೆ 10,000. ಒಟ್ಟು 65,000 ರೂಪಾಯಿ. ವಾರ್ಷಿಕ ವರಮಾನ 3,00,000. ಅಂದರೆ ನೂರಕ್ಕೆ ಸುಮಾರು 22ರಷ್ಟು, ಐದರಲ್ಲೊಂದು ಪಾಲಿಗಿಂತಲೂ ಮಿಗಿಲು.

ಇಷ್ಟನ್ನು ಹೇಗೋ ಹೊಂದಿಸಬಹುದೆಂದು ತಂದೆ ಹೇಳಬಹುದು. ಆದರೆ ಶಾಲೆ ಒಂದು ವರ್ಷದ್ದಲ್ಲ, ಹತ್ತು ವರ್ಷಗಳದ್ದು. ವೆಚ್ಚವು ವರ್ಷಕ್ಕೆ ನೂರಕ್ಕೆ 10ರಂತೆಯೂ ವರಮಾನವು ನೂರಕ್ಕೆ 5ರಂತೆಯೂ ಏರುವುದೆಂದು ಇಟ್ಟುಕೊಳ್ಳೋಣ. ವಿದ್ಯಾರ್ಥಿಗಳು ಇಲ್ಲಿ ಚಕ್ರಬಡ್ಡಿಯ ಸೂತ್ರವನ್ನು ನೆನೆಯಬೇಕು. ಹತ್ತನೆಯ ವರ್ಷದ ವೆಚ್ಚ ಸುಮಾರು 1,53,000 ರೂಪಾಯಿ. ಆಗಿನ ವರಮಾನ ಸುಮಾರು 4,65,000. ಐದರಲ್ಲೊಂದಾಗಿದ್ದ ಪಾಲು ಹೆಚ್ಚುಕಡಿಮೆ ಮೂರರಲ್ಲೊಂದಾಯಿತು! ಹತ್ತು ವರ್ಷಗಳ ಒಟ್ಟು ವೆಚ್ಚ 10,35,000ವನ್ನು ಮೀರುತ್ತದೆ. ಮನೆಯಲ್ಲಿ ತಂಗಿಯೊಬ್ಬಳಿದ್ದರೆ? ಅಣ್ಣನಿಗೆ ಖಾಸಗಿ ಶಾಲೆ, ತಂಗಿಗೆ ‘ಇದೇ ಸಾಕು’ ಎಂಬ ನಿರ್ಣಯ ಎಷ್ಟೋ ಕಡೆ ನಡೆಯುವುದು ಈ ಲೆಕ್ಕ ತಪ್ಪಿದುದರಿಂದಲೇ. ಇಬ್ಬರಿಗೂ ಸಲ್ಲದ ವೆಚ್ಚವನ್ನು ಒಬ್ಬನಿಗಾಗಿ ಆರಂಭಿಸುವುದು ನ್ಯಾಯವಲ್ಲ.

ಇನ್ನೊಂದು ತಟ್ಟೆಯಲ್ಲಿ ಏನಿದೆಯೆಂಬುದನ್ನೂ ನೋಡಬೇಕು. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಬೋಧನಾಶುಲ್ಕವಿಲ್ಲ. ಎಂಟನೆಯ ತರಗತಿಯವರೆಗೆ ಪಠ್ಯಪುಸ್ತಕ ಉಚಿತ; ಮಧ್ಯಾಹ್ನದ ಊಟವೂ ಉಂಟು. ಅನುದಾನಿತ ಶಾಲೆಯ ಶಿಕ್ಷಕರಿಗೆ ಸರಕಾರವೇ ಸಂಬಳ ಕೊಡುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಕರ್ಯ ಒದಗಿಸಬೇಕೆಂಬ 350ಎ ಅನುಚ್ಛೇದವು ಸಂವಿಧಾನದಲ್ಲಿ ಸೇರಿದುದು 1956ರಲ್ಲಿ; ಕಾಸರಗೋಡು ಕೇರಳಕ್ಕೆ ಸೇರಿದುದೂ ಅದೇ ವರ್ಷ. ಈ ಸೌಕರ್ಯ ಯಾರ ಭಿಕ್ಷೆಯೂ ಅಲ್ಲ. ನಮ್ಮ ತೆರಿಗೆಯಿಂದಲೇ ನಡೆಯುವ ನಮ್ಮ ಹಕ್ಕು.

ಶುಲ್ಕ ತೆತ್ತರೆ ಕಲಿಕೆ ಹೆಚ್ಚುವುದೇ? ಈ ಪ್ರಶ್ನೆಯನ್ನು ಊಹೆಗೆ ಬಿಡದೆ ಪರೀಕ್ಷಿಸಿದವರಿದ್ದಾರೆ. ಆಂಧ್ರಪ್ರದೇಶದ 180 ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಲ್ಲಿ ಚೀಟಿ ಎತ್ತಿ ಕೆಲವು ಮಕ್ಕಳಿಗೆ ಖಾಸಗಿ ಶಾಲೆಯ ವೆಚ್ಚವನ್ನು ಕೊಡಲಾಗಿತ್ತು. ನಾಲ್ಕು ವರ್ಷಗಳ ಬಳಿಕ ಪರೀಕ್ಷಿಸಿದಾಗ ತೆಲುಗು, ಗಣಿತಗಳಲ್ಲಿ ಚೀಟಿ ಬಂದವರಿಗೂ ಬಾರದವರಿಗೂ ವ್ಯತ್ಯಾಸ ಕಾಣಲಿಲ್ಲ; ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಯವರು ಮುಂದಿದ್ದರು. ಆದರೆ ಖಾಸಗಿ ಶಾಲೆಗಳು ತೆಲುಗು, ಗಣಿತಗಳಿಗೆ ಕಡಿಮೆ ಹೊತ್ತು ಕೊಟ್ಟು, ಪ್ರತಿ ಮಗುವಿಗೆ ಸರಕಾರಿ ಶಾಲೆಯ ವೆಚ್ಚದ ಮೂರರಲ್ಲೊಂದು ಪಾಲಿಗಿಂತ ಕಡಿಮೆ ಹಣದಲ್ಲಿ ಆ ಫಲವನ್ನು ಸಾಧಿಸಿದ್ದವೆಂಬುದನ್ನೂ ಪಕ್ಷಪಾತವಿಲ್ಲದೆ ಹೇಳಬೇಕು. ಖಾಸಗಿ ಶಾಲೆ ಕೆಟ್ಟದೆಂದು ಇದರಿಂದ ಸಿದ್ಧವಾಗುವುದಿಲ್ಲ. ಶುಲ್ಕವೇ ವಿದ್ಯೆಯಲ್ಲವೆಂದು ಮಾತ್ರ ತಿಳಿಯುತ್ತದೆ.

‘ಇಂಗ್ಲಿಷಿಗಾಗಿ ಕಳುಹಿಸುತ್ತೇವೆ’ ಎನ್ನುವವರೇ ಬಹುಮಂದಿ. ಇಂಗ್ಲಿಷ್ ಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಇಂಗ್ಲಿಷನ್ನು ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಕಲಿಯುವುದು ಬೇರೆ. ಭಿನ್ನರಾಶಿಯನ್ನು ಅರಿಯದ ಭಾಷೆಯಲ್ಲಿ ಕಂಠಪಾಠ ಮಾಡಿದ ಮಗುವಿಗೆ ಭಿನ್ನರಾಶಿಯೂ ಬಾರದು, ಭಾಷೆಯೂ ಬಾರದು. ಮನೆಯಲ್ಲಿ ಒಂದು ತೆಂಗಿನಕಾಯಿಯನ್ನು ಒಡೆದು ಅರ್ಧ, ಕಾಲು ಎಂದು ತಾಯಿ ತೋರಿಸಿದರೆ ಅದೇ ಪಾಠ ನಿಮಿಷದಲ್ಲಿ ಹತ್ತುತ್ತದೆ.

ಹಾಗೆಂದು ಉಚಿತವಾದುದೆಲ್ಲ ಉತ್ತಮವೆಂದು ನಾವು ಸಾಧಿಸುವುದಿಲ್ಲ. ಗಣಿತಕ್ಕೆ ಶಿಕ್ಷಕರಿಲ್ಲದೆ ವರ್ಷಾರ್ಧ ಕಳೆದರೆ, ಮಕ್ಕಳಿಗೆ ತಿಳಿಯುವ ಭಾಷೆಯನ್ನು ಶಿಕ್ಷಕರೇ ಅರಿಯದಿದ್ದರೆ, ಅಲ್ಲಿ ಉಳಿಸಿದ ಹಣ ಉಳಿತಾಯವಲ್ಲ, ನಷ್ಟ. ಕನ್ನಡವರಿಯದವರನ್ನು ಕನ್ನಡ ತರಗತಿಗೆ ನಿಯಮಿಸಿದುದಕ್ಕಾಗಿ ನಮ್ಮ ಜಿಲ್ಲೆಯಲ್ಲಿ ಪ್ರತಿಭಟನೆಗಳು ನಡೆದಿವೆ. ಅಂಥ ಕಡೆ ತಾಯ್ತಂದೆಗಳು ಮೊದಲು ರಕ್ಷಕ-ಶಿಕ್ಷಕ ಸಂಘದಲ್ಲಿ ಒಟ್ಟಾಗಿ ಕೇಳಬೇಕು; ಕೇಳಿಯೂ ಸರಿಹೋಗದಿದ್ದರೆ ಮಗುವಿನ ಹಿತವೇ ಮುಖ್ಯ. ಬೇರೆ ಶಾಲೆಗೆ ಕಳುಹಿಸಿದವರನ್ನು ನಾವು ದೂಷಿಸಲಾರೆವು.

ಆದುದರಿಂದ ಯಾವ ಶಾಲೆಗೇ ಆಗಲಿ, ಸೇರಿಸುವ ಮುನ್ನ ಕಟ್ಟಡವನ್ನಲ್ಲ, ತರಗತಿಯನ್ನು ನೋಡಿರಿ. ಶಿಕ್ಷಕರ ಅರ್ಹತೆಯೇನು, ಅವರು ಎಷ್ಟು ವರ್ಷ ಅಲ್ಲಿಯೇ ನಿಲ್ಲುತ್ತಾರೆ? ಒಬ್ಬರಿಗೆ ಎಷ್ಟು ಮಕ್ಕಳು? 2009ರ ಶಿಕ್ಷಣ ಹಕ್ಕು ಕಾಯಿದೆಯ ಮಾನದಂಡ ಪ್ರಾಥಮಿಕದಲ್ಲಿ 30ಕ್ಕೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 35ಕ್ಕೆ ಒಬ್ಬರು. ಪ್ರವೇಶಕ್ಕಾಗಿ ವಂತಿಗೆ ಕೇಳುವುದನ್ನು ಅದೇ ಕಾಯಿದೆಯ 13ನೆಯ ಪ್ರಕರಣ ನಿಷೇಧಿಸುತ್ತದೆ. ಮಕ್ಕಳು ಗ್ರಂಥಾಲಯದ ಪುಸ್ತಕವನ್ನು ಮನೆಗೆ ತರುತ್ತಾರೆಯೇ? ಓದಿದುದನ್ನು ತಮ್ಮ ಮಾತಿನಲ್ಲಿ ಹೇಳಬಲ್ಲರೇ? ಇವುಗಳಿಗೆ ಸಮಾಧಾನಕರ ಉತ್ತರ ದೊರೆತು, ಹತ್ತು ವರ್ಷದ ಲೆಕ್ಕವೂ ಸಾಲವಿಲ್ಲದೆ ಕೂಡಿಬಂದರೆ ಆ ವೆಚ್ಚ ಸಾರ್ಥಕ. ಉತ್ತರ ದೊರೆಯದಿದ್ದರೆ ಆ ಹಣವನ್ನು ಮಗುವಿನ ಹೆಸರಿನಲ್ಲಿಯೇ ಕೂಡಿಡಿರಿ. ಕಾಲೇಜಿನ ದಿನಗಳಲ್ಲಿ, ವೆಚ್ಚ ನಿಜವಾಗಿ ಬೀಳುವಾಗ, ಅದು ಕೈಗೆ ಬರುತ್ತದೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ನೀವು ಯಾವ ಶಾಲೆಯಲ್ಲಿಯೇ ಓದುತ್ತಿರಿ, ನಿಮ್ಮ ಓದಿಗೆ ಮನೆಯಲ್ಲಿ ಯಾರೋ ಬೆಲೆ ತೆರುತ್ತಿದ್ದಾರೆ. ಅದನ್ನು ಅರಿತವನು ಪಾಠದ ಹೊತ್ತನ್ನು ವ್ಯರ್ಥಮಾಡಲಾರ.

ಅಭ್ಯಾಸ

1. ನಿಮ್ಮ ಒಂದು ವರ್ಷದ ಶಾಲಾವೆಚ್ಚವನ್ನು ಮನೆಯವರನ್ನು ಕೇಳಿ ಪಟ್ಟಿಮಾಡಿರಿ. ಅದು ವರಮಾನದ ನೂರಕ್ಕೆ ಎಷ್ಟು ಪಾಲು?

2. ಆ ವೆಚ್ಚ ವರ್ಷಕ್ಕೆ ನೂರಕ್ಕೆ 10ರಂತೆ ಏರಿದರೆ ಐದನೆಯ ವರ್ಷ ಎಷ್ಟಾಗುವುದು?

3. ನಿಮ್ಮ ಓದಿಗಾಗಿ ತಾಯ್ತಂದೆಗಳು ತಮಗಾಗಿ ಕೊಳ್ಳದೆ ಬಿಟ್ಟ ವಸ್ತು ಯಾವುದು? ಕೇಳಿ ತಿಳಿದು ಹತ್ತು ವಾಕ್ಯ ಬರೆಯಿರಿ.