ಅವರ ಮನೆಯವರನ್ನೂ ವಿಚಾರಿಸೋಣ



ಚಳಿಗಾಲ ಬಂತೆಂದರೆ ನಮ್ಮ ಕಡೆಯ ಪಟ್ಟಣಗಳಲ್ಲಿ ಸ್ವೆಟರ್, ಶಾಲು, ಮಫ್ಲರ್ ಮಾರುವವರು ರಸ್ತೆ ಬದಿಗೆ ಬಂದು ಕೂಡುತ್ತಾರೆ. "ನೇಪಾಳದವ್ರು ಬಂದಾರ" ಅಂತ ನಾವು ಅಂದುಬಿಡುತ್ತೇವೆ. ಅವರಲ್ಲಿ ಎಷ್ಟೋ ಮಂದಿ ಟಿಬೆಟಿನವರು. ನಮ್ಮ ಕರ್ನಾಟಕದಲ್ಲೇ ಹುಟ್ಟಿ ಬೆಳೆದವರೂ ಇದ್ದಾರೆ. ಈ ಸಲದ ಪಾಠದಲ್ಲಿ ಅವರ ವಿಷಯ ತಿಳಿಯೋಣ.

1959ರಲ್ಲಿ ದಲೈ ಲಾಮಾ ಅವರು ಟಿಬೆಟ್ ಬಿಟ್ಟು ಭಾರತಕ್ಕೆ ಬಂದಾಗ ಸಾವಿರಾರು ಜನ ಹಿಮದ ದಾರಿ ತುಳಿದು ಹಿಂದೆ ಬಂದರು. ಆಗಿನ ಮೈಸೂರು ರಾಜ್ಯ ಸರಕಾರ ಅವರಿಗೆ ಭೂಮಿ ಕೊಟ್ಟಿತು. 1960-61ರಲ್ಲಿ ಬೈಲಕುಪ್ಪೆ, 1966ರಲ್ಲಿ ಮುಂಡಗೋಡ, ಆಮೇಲೆ ಹುಣಸೂರು, ಕೊಳ್ಳೇಗಾಲ ಕಡೆ ವಸತಿಗಳಾದವು. ಅದು ಉತ್ತು ಬಿತ್ತುವ ಹೊಲವಾಗಿರಲಿಲ್ಲ, ಕಾಡು. ಚಳಿ ದೇಶದ ಜನ ಬಿಸಿಲಿನಲ್ಲಿ ಗಿಡ ಕಡಿದು, ಆನೆ ಕಾಟ ತಾಳಿಕೊಂಡು ಗೋವಿನಜೋಳ ಬೆಳೆದರು. ಅಷ್ಟರಿಂದ ಹೊಟ್ಟೆ ತುಂಬಲಿಲ್ಲ. ಅದಕ್ಕೇ ಈ ಸ್ವೆಟರ್ ವ್ಯಾಪಾರ. ಲುಧಿಯಾನದಿಂದ ಉದ್ರಿ ಮಾಲು ತಂದು, ಎರಡು ಮೂರು ತಿಂಗಳಲ್ಲಿ ಮಾರಿ, ಸಾಲ ತೀರಿಸಿ ಉಳಿದದ್ದರಲ್ಲಿ ವರ್ಷ ದೂಡುವವರು ಬಹಳ ಮಂದಿ. ಐವತ್ತು ರೂಪಾಯಿಗೆ ಅರ್ಧ ತಾಸು ಚೌಕಾಸಿ ಮಾಡುವ ನಮ್ಮ ಅಕ್ಕಂದಿರಿಗೆ ಇದು ಗೊತ್ತಿರಲಿ.

ನಾವು ಮುಖ್ಯವಾಗಿ ಹೇಳಬೇಕೆಂದದ್ದು ಬೇರೆ. ನಿರಾಶ್ರಿತ ಎಂದರೆ ಕಣ್ಣೆದುರು ಕೂತ ಒಬ್ಬ ಮನುಷ್ಯ ಮಾತ್ರ ಅಲ್ಲ, ಅವರ ಮನೆ ಮೂರು ಕಡೆ ಹರಿದು ಹೋಗಿರುತ್ತದೆ. ಅಜ್ಜಿ ಬೈಲಕುಪ್ಪೆಯಲ್ಲಿ, ಅಜ್ಜಿಯ ತಂಗಿ ಟಿಬೆಟಿನಲ್ಲೇ ಉಳಿದಿರುತ್ತಾಳೆ, ಮೊಮ್ಮಗಳು ಅಮೆರಿಕಾದಲ್ಲೋ ಕೆನಡಾದಲ್ಲೋ. 1990ರಲ್ಲಿ ಅಮೆರಿಕಾ ಒಂದು ಕಾನೂನು ಮಾಡಿ ಸಾವಿರ ಟಿಬೆಟಿಯನ್ನರಿಗೆ ವೀಸಾ ಕೊಟ್ಟಿತು, ಅವರ ಹಿಂದೆ ಮನೆಯವರು ಒಬ್ಬೊಬ್ಬರಾಗಿ ಹೋದರು. ಅಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಂಡು, ಹೋಟೆಲಿನಲ್ಲಿ ದುಡಿದು ಇಲ್ಲಿಗೆ ಹಣ ಕಳಿಸುವವರಿದ್ದಾರೆ. ಹಣ ಬರುತ್ತದೆ, ಆದರೆ ಅಜ್ಜಿಗೆ ಜ್ವರ ಬಂದರೆ ಗಂಜಿ ಕಾಸುವವರಿಲ್ಲ. ಟಿಬೆಟಿನಲ್ಲಿ ಉಳಿದವರದ್ದು ಇನ್ನೂ ಕಷ್ಟ. 2008ರ ಪ್ರತಿಭಟನೆಯ ನಂತರ ಗಡಿ ಬಿಗಿಯಾಗಿ, ದಾಟಿ ಬರುವವರೇ ಬಹಳ ಕಡಿಮೆಯಾದರು. ಒಂದು ಫೋನು ಮಾಡಿದರೂ ಅಲ್ಲಿನವರಿಗೆ ತೊಂದರೆಯಾದೀತೆಂದು ಇಲ್ಲಿನವರು ಸುಮ್ಮನಿರುತ್ತಾರೆ.

ಔರಾದ್, ಭಾಲ್ಕಿ ಕಡೆಯ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿಯುವಾಗ ಫೋನು ಬರದಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತು. 2020ರ ಲಾಕ್‌ಡೌನಿನಲ್ಲಿ ಕಂಡೇವಲ್ಲ. ಆದರೆ ನಿಮ್ಮ ಮಗ ಹಬ್ಬಕ್ಕೆ ಬಸ್ಸು ಹತ್ತಿ ಬರಬಹುದು. ಅವರಿಗೆ ಆ ಬಸ್ಸಿಲ್ಲ.

ನಮ್ಮ ಜಿಲ್ಲೆಗೂ ಓಡಿಹೋದ ನೆನಪಿದೆ. 1947-48ರ ರಜಾಕಾರರ ಹಾವಳಿಯಲ್ಲಿ ಊರು ಬಿಟ್ಟು ಸೊಲ್ಲಾಪುರದ ಕಡೆ ಹೋದ ಮನೆತನಗಳು ಇಲ್ಲಿವೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಂ ಕುಟುಂಬಗಳು ಜೀವ ಹಿಡಿದುಕೊಂಡು ಓಡಿದವು. ಸುಂದರಲಾಲ್ ಸಮಿತಿ ಹೆಚ್ಚು ನೊಂದ ಜಿಲ್ಲೆಗಳ ಪಟ್ಟಿಯಲ್ಲಿ ಬೀದರನ್ನೂ ಹೆಸರಿಸಿತು. ಎರಡನ್ನೂ ಕೂಡಿಸಿ ನೆನೆಯಬೇಕು. ಒಂದನ್ನೇ ನೆನೆದರೆ ಅದು ದ್ವೇಷಕ್ಕೆ ದಾರಿ ಎಂದು ನಮ್ಮ ಅಭಿಪ್ರಾಯ.

ಮತ್ತಾಯನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ಜೋಸೆಫರು ರಾತ್ರೋರಾತ್ರಿ ತಾಯಿ, ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೋಗುತ್ತಾರೆ. ಅಲ್ಲಿ ಬಾಡಿಗೆಗೆ ಮನೆ ಕೊಟ್ಟವರು ಯಾರು, ಬಡಗಿ ಕೆಲಸ ಕೊಟ್ಟವರು ಯಾರು ಎಂದು ಬರೆದಿಲ್ಲ. ಯಾರೋ ಕೊಟ್ಟಿರಲೇಬೇಕಲ್ಲ! 1952ರಲ್ಲಿ ಪೋಪ್ 12ನೇ ಪಿಯುಸ್ ಅವರು ಈ ಪವಿತ್ರ ಕುಟುಂಬವನ್ನೇ ಎಲ್ಲ ನಿರಾಶ್ರಿತ ಕುಟುಂಬಗಳಿಗೆ ಮಾದರಿ ಎಂದರು. ಗಮನಿಸಿ, ಅವರು ಹೇಳಿದ್ದು ಕುಟುಂಬದ ಮಾತು.

ಹಾಗಾದರೆ ನಾವು ಮಾಡುವುದೇನು? ಹಳೆ ಬಟ್ಟೆ ಕೊಟ್ಟು ಫೋಟೋ ತೆಗೆಸಿಕೊಳ್ಳುವುದಲ್ಲ. ಅವರು ಭಿಕ್ಷೆಗೆ ಬಂದವರಲ್ಲ, ವ್ಯಾಪಾರಕ್ಕೆ ಬಂದವರು. ಮೂರು ತಿಂಗಳಿಗೆ ಕೋಣೆ ಕೇಳಿದರೆ "ಹೊರಗಿನವರಿಗೆ ಕೊಡಲ್ಲ" ಎನ್ನಬೇಡಿ. ಕಾಗದಪತ್ರದ ವಿಷಯವನ್ನೂ ತಿಳಿದಿರಬೇಕು. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ಆದ್ದರಿಂದ ಕಾನೂನಿನ ಕಣ್ಣಿಗೆ ಅವರು ವಿದೇಶಿಯರು. ಆರ್.ಸಿ. ಎಂಬ ನೋಂದಣಿ ಪತ್ರ ಅವರ ಹತ್ತಿರ ಇರಬೇಕು, ಅವಧಿ ಮುಗಿದಾಗ ನವೀಕರಿಸಬೇಕು. ಆದರೆ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಇಲ್ಲಿನ ನಾಗರಿಕರು, ಇದನ್ನು 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಹೇಳಿದೆ. "ನಿಮ್ಮ ದೇಶಕ್ಕೆ ಹೋಗ್ರಿ" ಎನ್ನುವವರಿಗೆ ಈ ಮಾತು ತಿಳಿಸಿ.

ಮತ್ತೆ, ಮಾತಾಡಿಸಿ. "ಅಕ್ಕಾ, ಮನ್ಯಾಗ ಎಲ್ಲಾರೂ ಆರಾಮ ಇದ್ದಾರೇನ್ರಿ?" ಅಷ್ಟು ಕೇಳಿದರೆ ಸಾಕು. ಅವರು ಹೇಳಲು ಇಷ್ಟಪಡದಿದ್ದರೆ ಕೆದಕಬೇಡಿ.

ಮುಂದಿನ ತಿಂಗಳ ಸಭೆಗೆ ಒಂದು ಕೆಲಸ. ಓಣಿಯಲ್ಲಿ ಎಂಬತ್ತೈದು ದಾಟಿದ ಹಿರಿಯರಿದ್ದರೆ ಹೋಗಿ ಕೂತು ಕೇಳಿ: 1948ರಲ್ಲಿ ಮನೆಯವರು ಎಲ್ಲಿಗೆ ಹೋಗಿದ್ದರು, ಯಾರ ಅಂಗಳದಲ್ಲಿ ಮಲಗಿದರು, ಮೊದಲ ದಿನ ರೊಟ್ಟಿ ಕೊಟ್ಟವರು ಯಾವ ಜಾತಿ, ಯಾವ ಧರ್ಮದವರು. ಹೇಳಿದ್ದನ್ನು ಸಂಘದ ಪುಸ್ತಕದಲ್ಲಿ ಬರೆದುಕೊಂಡು ಬನ್ನಿ, ಅಲ್ಲಿ ಓದೋಣ.