ಪುಸ್ತಕದಲ್ಲಿ ಪದ, ಕೊರಳಿನಲ್ಲಿ ಧಾಟಿ

ಲೆಬನಾನಿನ ಪಿಯಾನೋ ವಾದಕ, ಸಂಗೀತ ಸಂಯೋಜಕ ಗೈ ಮನೂಕಿಯನ್ ಅವರ ವಾದನವನ್ನು ಮೊಬೈಲಿನಲ್ಲಿ ಕೇಳಿದಾಗ ನನಗೊಂದು ಪ್ರಶ್ನೆ ಹುಟ್ಟಿತು. ಅವರದು ಅರ್ಮೇನಿಯನ್ ಮೂಲದ ಮನೆತನ. ನಾಡು ಅರಬ್ಬಿ ಭಾಷೆಯದು. ಎರಡು ಪರಂಪರೆಗಳು ಒಂದೇ ವಾದ್ಯದಲ್ಲಿ ಹೇಗೆ ಕೂಡುತ್ತವೆ?

ನಮ್ಮಲ್ಲಿ ರಾಗವಿದ್ದಂತೆ ಅರಬ್ಬಿ ಸಂಗೀತದಲ್ಲಿ ಮಕಾಮ್ ಇದೆ. ಹಿಜಾಜ್ ಮಕಾಮಿನಲ್ಲಿ ರಿಷಭ, ಧೈವತ, ನಿಷಾದಗಳು ಕೋಮಲ, ಗಾಂಧಾರ ಶುದ್ಧ. ಹಿಂದೂಸ್ತಾನಿ ಸಂಗೀತದ ಬಸಂತ್ ಮುಖಾರಿ ರಾಗದ ಸ್ವರಗಳೂ ಇವೇ. ಇವು ಪಿಯಾನೋದಲ್ಲಿ ಸುಲಭವಾಗಿ ಸಿಗುತ್ತವೆ. ಆದರೆ ರಾಸ್ತ್ ಮಕಾಮಿನ ಗಾಂಧಾರ ಕೋಮಲಕ್ಕೂ ಶುದ್ಧಕ್ಕೂ ನಡುವೆ ನಿಲ್ಲುತ್ತದೆ. ಪಿಯಾನೋದ ಒಂದು ಸಪ್ತಕದಲ್ಲಿ 12 ಮನೆಗಳಷ್ಟೇ. ಆ ನಡುವಿನ ಸ್ವರಕ್ಕೆ ಮನೆಯೇ ಇಲ್ಲ.

ನಮ್ಮ ಹಳ್ಳಿಯ ಪೇಟಿಗೂ, ಅಂದರೆ ಹಾರ್ಮೋನಿಯಂಗೂ, ಇದೇ ತೊಡಕು. ಅದು 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ವಾದ್ಯ. ತತ್ವಪದ ಹಾಡುವವರು ಸ್ವರದಿಂದ ಸ್ವರಕ್ಕೆ ಜಾರುವಾಗ ಪೇಟಿ ಹಿಂದೆ ಉಳಿಯುತ್ತದೆ. ಏಕತಾರಿ ಹಾಗಲ್ಲ, ಅದು ಶ್ರುತಿಯನ್ನಷ್ಟೇ ಹಿಡಿದು ಕೊರಳನ್ನು ಸ್ವತಂತ್ರವಾಗಿ ಬಿಡುತ್ತದೆ.

ಎರಡು ಪರಂಪರೆ ಕೂಡುವುದನ್ನು ನೋಡಲು ನಾವು ಲೆಬನಾನಿಗೆ ಹೋಗಬೇಕಿಲ್ಲ. 19ನೇ ಶತಮಾನದ ತತ್ವಪದಕಾರ ಕಡಕೋಳ ಮಡಿವಾಳಪ್ಪನವರು ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ, ನೆಲೆ ನಿಂತದ್ದು ಜೇವರ್ಗಿ ಸೀಮೆಯ ಕಡಕೋಳದಲ್ಲಿ. ಅವರ ಶಿಷ್ಯರಲ್ಲಿ ಅರಳಗುಂಡಗಿಯ ಭಾಗಮ್ಮನವರಿದ್ದರು, ಚೆನ್ನೂರಿನ ಜಲಾಲಸಾಹೇಬರೂ ಇದ್ದರು. ಆಳಂದ ಕಡೆಯಿಂದ ಜೇವರ್ಗಿವರೆಗೆ ಮೊಹರಂನಲ್ಲಿ ರಿವಾಯತ್ ಪದ ಕೇಳಿದವರು ನಮ್ಮಲ್ಲಿ ಅನೇಕರು. ರಿವಾಯತ್ ಅರಬ್ಬಿ ಮಾತು. ಕೇಳಿದ್ದನ್ನು ಮುಂದಿನವರಿಗೆ ಹೇಳುವುದು ಎಂದರ್ಥ. ಇಲ್ಲಿ ಅದು ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹೇಳುವ ಹಾಡಾಗಿದೆ. ಹಾಡುವವರಲ್ಲಿ ಎರಡೂ ಸಮಾಜದವರಿದ್ದಾರೆ.

ತತ್ವಪದಗಳ ಪುಸ್ತಕವೊಂದನ್ನು ನಮ್ಮ ಓಣಿಯ ಹಿರಿಯ ಹಾಡುಗಾರರೊಬ್ಬರ ಮುಂದೆ ಇಟ್ಟೆ. ನಕ್ಕು ಹೇಳಿದರು: "ಪುಸ್ತಕದಾಗ ಮಾತ ಅವ, ಧಾಟಿ ಇಲ್ಲ ನೋಡಪ್ಪ." ಅವರು ಹಾಡಿದರು, ನಾನು ಸ್ವರ ಬರೆಯಲು ಕೂತೆ. ಷಡ್ಜ, ಪಂಚಮ ಬಿಟ್ಟರೆ ಯಾವುದೂ ನನಗೆ ಸಿಗಲಿಲ್ಲ. ಕಲಿಸಿದ ಉಸ್ತಾದರು ಈಗಿಲ್ಲ, ತಮ್ಮಿಂದ ಕಲಿತವರು ಒಬ್ಬರೂ ಇಲ್ಲ ಎಂದರು.

ಆಗ ಕೋಮಿತಾಸ್ (1869–1935) ನೆನಪಾದರು. ಈ ಅರ್ಮೇನಿಯನ್ ಪಾದ್ರಿ ರೈತರು ಹಾಡಿದ ಸಾವಿರಾರು ಹಾಡುಗಳ ಧಾಟಿಯನ್ನು ಬರೆದಿಟ್ಟರು. 1915ರಲ್ಲಿ ಅವರನ್ನು ಬಂಧಿಸಿ ಗಡೀಪಾರು ಮಾಡಿದರು. ಅವರ ಬರಹಗಳಲ್ಲಿ ಬಹಳಷ್ಟು ಕಳೆದುಹೋದವು. ಉಳಿದವನ್ನು ಇಂದಿಗೂ ನುಡಿಸುತ್ತಾರೆ.

ಹಾಡು, ವಾದ್ಯಗಳ ಬಗ್ಗೆ ನಮ್ಮ ಮನೆಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಅದರ ತೀರ್ಪು ಹೇಳುವಷ್ಟು ಇಲ್ಮ್ ನನಗಿಲ್ಲ. ಆದರೆ ಇದು ನಮ್ಮ ಊರಿನ ಚರಿತ್ರೆಯೂ ಹೌದು. ಗೆಳೆಯರೇ, ಹಿರಿಯರ ಒಪ್ಪಿಗೆ ಪಡೆದು ಒಂದೇ ಒಂದು ಪದವನ್ನು ರೆಕಾರ್ಡ್ ಮಾಡಿ. ಊರು, ತಾರೀಖು, ಹಾಡಿದವರು ಯಾರು, ಅವರಿಗೆ ಕಲಿಸಿದವರು ಯಾರು ಎಂದು ವಹಿಯಲ್ಲಿ ಬರೆಯಿರಿ. ನಾನು ಒಂದನ್ನು ಮಾಡಿದ್ದೇನೆ.